ಮನಸ್ಸಿನ ಗುಳಿಗೆ, ಕೈಯ ಎಲುಬು

ಮಲಕಮ್ಮ ಬಿದ್ದದ್ದನ್ನು ದೊಡ್ಡ ಬೀಳುವಿಕೆ ಎಂದು ಯಾರೂ ಹೇಳಲಾರರು. ಗಡಿಯಾಚೆಯ ಮರಾಠಿ ಸೀಮೆಯಲ್ಲಿ ನಿಲಂಗಾದಿಂದ ಉದಗೀರಕ್ಕೆ ಹೋಗುವ ರಸ್ತೆಯ ಬದಿಗೊಂದು ಹಳ್ಳಿ, ಅಲ್ಲಿ ಅವಳ ಮನೆ. ಗಂಡ ಮಲ್ಲಣ್ಣ ಕುರಿಹಿಂಡು ಹೊಡೆದುಕೊಂಡು ಬಯಲಿಗೆ ಹೋದರೆ ಎಳೆಯ ಮರಿಗಳು ಮನೆಯಲ್ಲೇ ಉಳಿಯುತ್ತವೆ. ಅವುಗಳ ಮುಂದೆ ಬೇವಿನ ತಪ್ಪಲು ಹಾಕಲು ಹೋದಾಗ ಒಂದು ಮರಿ ಅವಳ ಕಾಲಿಗೆ ತೊಡರಿತು. ಮುಗ್ಗರಿಸಿದಳು, ಬಲಗೈ ನೆಲಕ್ಕೆ ಊರಿದಳು. ಅಷ್ಟೆ. ಎದ್ದು ನೋಡಿಕೊಂಡರೆ ಮಣಿಕಟ್ಟು ಸೊಟ್ಟಗಾಗಿತ್ತು.

ಸೊಸೆ ಕಾಜಲ ಒಳಗಿನಿಂದ ಓಡಿ ಬಂದಳು. "ಅತ್ತಿ, ಮುರದದ ನೋಡ್ರಿ ಇದು."

"ಇಷ್ಟಕ್ಕ ಮುರೀತದೇನು?" ಎಂದಳು ಮಲಕಮ್ಮ. ನೋವಿಗಿಂತ ಹೆಚ್ಚಾಗಿ ಆಶ್ಚರ್ಯವಾಗಿತ್ತು ಅವಳಿಗೆ. ಚಿಕ್ಕಂದಿನಲ್ಲಿ ಜಾಲಿಗಿಡದಿಂದ ಬಿದ್ದವಳು, ಬಾವಿಯ ಮೆಟ್ಟಿಲ ಮೇಲೆ ಜಾರಿದವಳು. ಆಗೆಲ್ಲ ತೊಗಲು ಕಿತ್ತಿತ್ತೇ ಹೊರತು ಎಲುಬಿಗೆ ಏನೂ ಆಗಿರಲಿಲ್ಲ.

ನಿಲಂಗಾದ ಎಲುಬಿನ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ, ಎಲುಬು ಕೂಡಿಸಿ ಪ್ಲಾಸ್ಟರ್ ಹಾಕಿದರು. ಇಷ್ಟು ಸಣ್ಣ ಬೀಳುವಿಕೆಗೆ ಮುರಿದಿದೆಯೆಂದರೆ ಎಲುಬು ಮೊದಲೇ ತೆಳ್ಳಗಾಗಿರಬೇಕು ಎಂದರು. ಮುಟ್ಟು ಯಾವಾಗ ನಿಂತಿತು, ಬೇರೆ ಯಾವ ಗುಳಿಗೆ ತಗೊಳ್ಳುತ್ತಾಳೆ ಎಂದು ಮರಾಠಿಯಲ್ಲಿ ಕೇಳಿದರು. ಗರ್ಭಚೀಲ ತೆಗೆಸಿ ಬಹಳ ವರ್ಷವಾಯಿತು, ಆವಾಗಲೇ ಮುಟ್ಟು ನಿಂತಿತು ಎಂದು ಕಾಜಲ ಹೇಳಿದಳು. ಆಮೇಲೆ, "ಮನಸ್ಸಿನದೊಂದು ಗುಳಿಗೆ ಇದೆ. ಅದೂ ವರ್ಷಗಟ್ಟಲೆ ಆಯಿತು" ಎಂದೂ ಸೇರಿಸಿದಳು.

ಡಾಕ್ಟರು ತಲೆ ಎತ್ತಿದರು. "ಅಂಥ ಗುಳಿಗೆಯಿಂದ ಕೆಲವರಿಗೆ ಎಲುಬು ತೆಳ್ಳಗಾಗುತ್ತದೆ ಅನ್ನುತ್ತಾರೆ. ಕೊಟ್ಟವರನ್ನೇ ಕೇಳಿ. ಲಾತೂರಿನಲ್ಲಿ ಎಲುಬಿನ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ." ಅಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು.

ಆ ಗುಳಿಗೆಯ ಕತೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಲಕಮ್ಮ ಇದ್ದಕ್ಕಿದ್ದಂತೆ ಮಾತು ಬಿಟ್ಟಿದ್ದಳು. ಯಾರೂ ಸತ್ತಿರಲಿಲ್ಲ, ಯಾರೊಂದಿಗೂ ಜಗಳವಿರಲಿಲ್ಲ. ಮಗಳು ವಿಜಯಶ್ರೀಯನ್ನು ಉಮರ್ಗಾದ ಒಳ್ಳೆಯ ಮನೆಗೆ ಕೊಟ್ಟಾಗಿತ್ತು. ಆ ವರ್ಷ ಕುರಿಗಳೂ ಚೆನ್ನಾಗಿ ಈದಿದ್ದವು. ಆದರೂ ಅವಳು ಒಲೆಯ ಮುಂದೆ ಕೂತು ರೊಟ್ಟಿ ಸೀಯುವುದನ್ನು ಸುಮ್ಮನೆ ನೋಡುತ್ತಿದ್ದಳು. ಊಟ ಬಿಟ್ಟಳು. ಬೆಳಗ್ಗೆ ಎದ್ದರೂ ಹಾಸಿಗೆಯಿಂದ ಇಳಿಯುತ್ತಿರಲಿಲ್ಲ. ಮಲ್ಲಣ್ಣ ಬೀರಪ್ಪನ ಗುಡಿಗೆ ಕರೆದುಕೊಂಡು ಹೋಗಿ ಹಣೆಗೆ ಅರಿಶಿನದ ಭಂಡಾರ ಹಚ್ಚಿಸಿದ. ಅವಳು ಭಂಡಾರ ಹಚ್ಚಿಸಿಕೊಂಡು ಬಂದು ಮತ್ತೆ ಅಲ್ಲೇ ಕೂತಳು. ಕೊನೆಗೆ ಕಾಜಲ ಹಟ ಹಿಡಿದು ಉದಗೀರದ ಡಾಕ್ಟರ್ ಸ್ವಪ್ನಾಲಿಯ ಹತ್ತಿರ ಒಯ್ದಳು. ಅವರು ಮನಸ್ಸಿನ ಕಾಯಿಲೆ ನೋಡುವವರು. ಗುಳಿಗೆ ಬರೆದುಕೊಟ್ಟರು.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೊಂದು ಬೆಳಗ್ಗೆ, ಜೋಳದ ಹಿಟ್ಟಿನ ಡಬ್ಬಿಗೆ ಮೂತಿ ಹಾಕಿದ ಕುರಿಯೊಂದಕ್ಕೆ ಮಲಕಮ್ಮ ಅದರ ಏಳು ತಲೆಮಾರು ಎತ್ತಿ ಬೈದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮಲ್ಲಣ್ಣ ಹಾಗೆಯೇ ನಿಂತುಬಿಟ್ಟ. "ಆಕಿ ಬಂದಾಳ," ಎಂದ ಕಾಜಲಳಿಗೆ. ಅಂದಿನಿಂದ ಗುಳಿಗೆ ತಪ್ಪಿಸಿರಲಿಲ್ಲ.

ಈಗ ಅದೇ ಗುಳಿಗೆ ಎಲುಬು ತಿನ್ನುತ್ತದೆಯೇ? ಲಾತೂರಿನ ಸ್ಕ್ಯಾನ್‌ನಲ್ಲಿ ಟೊಂಕದ ಎಲುಬೂ ಬೆನ್ನಿನ ಎಲುಬೂ ತೆಳ್ಳಗಾಗಿವೆ ಎಂದು ಬಂತು. ಯಾಕೆ ಎಂದು ಅದರಲ್ಲಿ ಇರಲಿಲ್ಲ. ಪಕ್ಕದ ಮನೆಯ ಪ್ರಯಾಗಬಾಯಿ ಫೋನಿನಲ್ಲಿ ಒಂದು ವಿಡಿಯೋ ಹುಡುಕಿ ತೋರಿಸಿದಳು. ಬಿಳಿ ಕೋಟಿನವನೊಬ್ಬ ಮರಾಠಿಯಲ್ಲಿ, ಮನಸ್ಸಿನ ಗುಳಿಗೆ ನುಂಗುವ ಹೆಂಗಸರ ಎಲುಬು ಸುಣ್ಣದಂತೆ ಉದುರುತ್ತದೆ ಎನ್ನುತ್ತಿದ್ದ.

"ನಾ ಏನ್ ಹೆದರಿಸ್ಲಾಕ ತೋರಸ್ಲಿಲ್ಲವ್ವಾ," ಎಂದಳು ಪ್ರಯಾಗಬಾಯಿ. "ನಿಂಗ ಗೊತ್ತಿರ್ಲಿ ಅಂತ."

ಮಲಕಮ್ಮ ಯಾರಿಗೂ ಹೇಳದೆ ಗುಳಿಗೆ ಬಿಟ್ಟಳು. ಕಾಜಲ ಕೊಟ್ಟದ್ದನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಒಲೆಯ ಬೂದಿಗೆ ಉಗುಳುತ್ತಿದ್ದಳು.

ಸ್ವಲ್ಪ ದಿನದಲ್ಲೇ ಏನೇನೋ ಶುರುವಾಯಿತು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ಜುಂ ಎನ್ನುತ್ತಿತ್ತು. ಎದ್ದು ನಿಂತರೆ ನೆಲ ವಾಲುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಕಾಜಲಳಿಗೆ ಬಾಯಿಗೆ ಬಂದಂತೆ ಅಂದು, ಆಮೇಲೆ ತಾನೇ ಅತ್ತಳು. ಬಳಿಕ ಅಳುವೂ ನಿಂತಿತು. ಒಲೆಯ ಮುಂದೆ ಸುಮ್ಮನೆ ಕೂರುವುದು ಮತ್ತೆ ಬಂತು. ಇದು ಗುಳಿಗೆ ಬಿಟ್ಟದ್ದಕ್ಕೋ, ಹಳೆಯ ಕಾಯಿಲೆಯೇ ತಿರುಗಿ ಬಂದದ್ದೋ, ಕೈ ಮುರಿದು ಬೇರೆಯವರ ಕೈಯಿಂದ ಉಣ್ಣಬೇಕಾಗಿ ಬಂದ ದುಃಖವೋ, ಅವಳಿಗೆ ಬಿಡಿಸಿ ನೋಡಲು ಆಗಲಿಲ್ಲ.

ಬಯಲಿನಿಂದ ಬಂದ ಮಲ್ಲಣ್ಣ ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದ. ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಏನಾಗ್ಯಾದ?"

"ಗುಳಿಗಿ ಬಿಟ್ಟೀನ್ರಿ."

"ಯಾಕ?"

"ಎಲುಬು ತಿಂತದಂತ. ಡಾಕ್ಟರ ಅಂದ. ಫೋನಿನ್ಯಾಗೂ ಅಂದ್ರು."

ಮಲ್ಲಣ್ಣ ತಲೆಯ ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ. ಆಮೇಲೆ, "ಹಂಗಾದ್ರ ನಿಂಗ ಮನಸ ಬೇಕೋ, ಎಲುಬು ಬೇಕೋ?" ಎಂದ. ಕೇಳಿದ ಮೇಲೆ ಆ ಮಾತಿಗೆ ತಾನೇ ಹೆದರಿದ.

"ಎರಡೂ ಬೇಕಲ್ರಿ," ಎಂದಳು ಮಲಕಮ್ಮ.

ಹಿಂಡನ್ನು ತಮ್ಮನಿಗೆ ಒಪ್ಪಿಸಿ ಮಲ್ಲಣ್ಣ ತಾನೂ ಬಸ್ ಹತ್ತಿದ. ಮೂವರೂ ಉದಗೀರಕ್ಕೆ ಹೋದರು. ಡಾಕ್ಟರ್ ಸ್ವಪ್ನಾಲಿ ಎಲ್ಲ ಕೇಳಿಸಿಕೊಂಡರು, ಸಿಟ್ಟಾಗಲಿಲ್ಲ. ತಲೆಯಲ್ಲಿ ಕರೆಂಟು ಹೊಡೆದಂತಾದದ್ದು ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದ್ದಕ್ಕೆ ಎಂದರು. ಬಿಡಬೇಕೆಂದರೂ ತಮ್ಮನ್ನು ಕೇಳಿ, ನಿಧಾನಕ್ಕೆ ಕಡಿಮೆ ಮಾಡುತ್ತ ಬಿಡಬೇಕಂತೆ. ಎಲುಬಿನ ಮಾತಿಗೆ ಬಂದಾಗ ಮಾತ್ರ ಅವರ ಮರಾಠಿ ನಿಧಾನವಾಯಿತು. ಇಂಥ ಗುಳಿಗೆ ತಗೊಳ್ಳುವ ಹೆಂಗಸರಲ್ಲಿ ಎಲುಬು ಮುರಿಯುವುದು ತುಸು ಹೆಚ್ಚು ಎಂದು ಬಹಳ ಕಡೆ ಕಂಡುಬಂದಿದೆ. ಆದರೆ ಮನಸ್ಸು ಕುಗ್ಗಿದವರು ಉಣ್ಣುವುದಿಲ್ಲ, ಬಿಸಿಲಿಗೆ ಬರುವುದಿಲ್ಲ, ಓಡಾಡುವುದಿಲ್ಲ. ಅದರಿಂದಲೂ ಎಲುಬು ಸೊರಗುತ್ತದೆ. ಮುಟ್ಟು ಬೇಗ ನಿಂತರೂ ಸೊರಗುತ್ತದೆ.

"ನಿಮ್ಮ ಕೈ ಮುರಿಯಲು ಇದರಲ್ಲಿ ಯಾವುದು ಎಷ್ಟು ಕಾರಣ ಎಂದು ನಾನು ಹೇಳಲಾರೆ," ಎಂದರು.

"ನಿಮಗೂ ಗೊತ್ತಿಲ್ಲೇನ್ರಿ?" ಮಲಕಮ್ಮ ಕನ್ನಡದಲ್ಲೇ ಕೇಳಿಬಿಟ್ಟಳು. ಕಾಜಲ ಮರಾಠಿಗೆ ತಿರುಗಿಸಿದಳು.

"ಪೂರ್ತಿ ಗೊತ್ತಿಲ್ಲ."

ಮಲ್ಲಣ್ಣನಿಗೆ ಅದು ಸೇರಲಿಲ್ಲ. "ಗೊತ್ತಿಲ್ಲದ್ದು ಕೊಟ್ಟಿರ್ಯಾಕ್ರಿ?"

"ಆವತ್ತು ಇವರು ಊಟ ಬಿಟ್ಟಿದ್ದರು, ಮಾತು ಬಿಟ್ಟಿದ್ದರು. ಅದನ್ನು ಕಣ್ಣಾರೆ ನೋಡಿ ಕೊಟ್ಟೆ. ಎಲುಬಿನ ಬಗ್ಗೆಯೂ ಆವಾಗಲೇ ಹೇಳಬೇಕಿತ್ತು. ಹೇಳಲಿಲ್ಲ."

ಅಲ್ಲೇ ಕೂತು ಅವರು ನಿಲಂಗಾದ ಡಾಕ್ಟರಿಗೆ ಫೋನ್ ಹಚ್ಚಿದರು. ಇಬ್ಬರೂ ಮಾತಾಡಿದರು. ಮನಸ್ಸಿನ ಗುಳಿಗೆಯನ್ನು ಕಡಿಮೆ ಅಳತೆಯಿಂದ ಮತ್ತೆ ಶುರು ಮಾಡುವುದು, ಜೊತೆಗೆ ಎಲುಬಿಗೆ ವಾರಕ್ಕೊಂದು ಗುಳಿಗೆ, ಕ್ಯಾಲ್ಸಿಯಂ, ದಿನಾ ಬಿಸಿಲಲ್ಲಿ ನಡಿಗೆ ಎಂದು ಠರಾಯಿಸಿದರು. ಇದೇ ರೋಗಕ್ಕೆ ಬೇರೆ ಗುಳಿಗೆಯೂ ಇದೆ, ಆದರೆ ಅದು ಇವರಿಗೆ ಹಿಡಿಸುತ್ತದೋ ಇಲ್ಲವೋ ತಗೊಂಡ ಮೇಲೆಯೇ ತಿಳಿಯುವುದು ಎಂದೂ ಡಾಕ್ಟರ್ ಹೇಳಿದರು. ನಿಮಗೇನು ಬೇಕು ಎಂದು ಮಲಕಮ್ಮನನ್ನೇ ಕೇಳಿದರು.

"ಹಳೇದೇ ಇರ್ಲಿ. ಮತ್ತ ಆ ಕುಣ್ಯಾಗ ಬೀಳೂದು ನಂಗ ಬ್ಯಾಡ," ಎಂದಳು ಮಲಕಮ್ಮ. ಎದ್ದು ಬಾಗಿಲವರೆಗೆ ಹೋಗಿ ತಿರುಗಿದಳು. "ಆದ್ರ ನಾಳಿ ಟೊಂಕ ಮುರದ್ರ?"

ಮುರಿಯದಂತೆ ನೋಡಿಕೊಳ್ಳೋಣ ಎಂದರು ಡಾಕ್ಟರ್. ಮುರಿಯುವುದಿಲ್ಲ ಎಂದು ಅವರು ಹೇಳಲಿಲ್ಲ ಎಂಬುದನ್ನು ಮಲಕಮ್ಮ ಬಸ್ಸಿನಲ್ಲಿ ಊರು ಮುಟ್ಟುವ ತನಕ ಯೋಚಿಸಿದಳು.

ಪ್ಲಾಸ್ಟರ್ ತೆಗೆದ ಮೇಲೂ ಮಣಿಕಟ್ಟು ಮೊದಲಿನಂತೆ ಮಡಿಚಲಿಲ್ಲ. ರೊಟ್ಟಿ ಬಡಿದರೆ ಒಂದು ಬದಿ ದಪ್ಪ ಉಳಿಯುತ್ತಿತ್ತು. ಮಲ್ಲಣ್ಣ ಆ ದಪ್ಪ ಬದಿಯನ್ನು ಮೊದಲು ಮುರಿದು ತಿನ್ನುತ್ತಿದ್ದ. ಸೋಮವಾರ ಎಲುಬಿನ ಗುಳಿಗೆಯ ದಿನ. ಬರಿಹೊಟ್ಟೆಯಲ್ಲಿ ತುಂಬಿದ ಗ್ಲಾಸು ನೀರಿನ ಜೊತೆ ನುಂಗಿ ಅರ್ಧ ತಾಸು ಮಲಗದೆ, ಚಹಾ ಕೂಡ ಕುಡಿಯದೆ ನೆಟ್ಟಗೆ ಕೂರಬೇಕು. ಪ್ರಯಾಗಬಾಯಿ ಬಂದು ಕಟ್ಟೆಯ ಮೇಲೆ ಜೊತೆಗೆ ಕೂರುತ್ತಿದ್ದಳು. ವಿಡಿಯೋದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ನಿಧಾನಕ್ಕೆ ಮಲಕಮ್ಮನ ಬೈಗುಳ ತಿರುಗಿ ಬಂತು, ನಗುವೂ ಬಂತು. ಆದರೆ ಸಂಜೆ ಮನಸ್ಸಿನ ಗುಳಿಗೆ ಅಂಗೈಯಲ್ಲಿ ಹಿಡಿದಾಗ ಒಂದು ಗಳಿಗೆ ಕೈ ತಡೆಯುತ್ತಿತ್ತು.

ಅಷ್ಟರಲ್ಲಿ ಉಮರ್ಗಾದಿಂದ ಫೋನ್ ಬಂತು. ವಿಜಯಶ್ರೀ ಹಡೆದು ಕೆಲವು ತಿಂಗಳಾಗಿತ್ತು. ಕೂಸನ್ನು ಎತ್ತಿಕೊಳ್ಳುತ್ತಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ ಎಂದರು ಬೀಗರು. ಮಲಕಮ್ಮ ಹೋಗಿ ನೋಡಿದಳು. ಅಲ್ಲಿಯ ಡಾಕ್ಟರು ಮನಸ್ಸಿನ ಗುಳಿಗೆ ಬರೆದುಕೊಟ್ಟಿದ್ದರು. ಅದರ ಪೊಟ್ಟಣ ಬಿಚ್ಚದೆ ದಿಂಬಿನ ಪಕ್ಕದಲ್ಲಿತ್ತು.

"ಅವ್ವಾ, ನೀ ಇದನ್ನ ತಗೊಂತಿ," ಎಂದಳು ವಿಜಯಶ್ರೀ ಗೋಡೆಯ ಕಡೆಯಿಂದಲೇ. "ನಿನ್ನ ಕೈ ಇದರಿಂದೇ ಮುರೀತಂತಲ್ಲ. ನಾ ತಗೊಳ್ಳಲೋ ಬ್ಯಾಡೋ?"

ಹೌದು ಎಂದರೆ ಒಂದು ಭಯ, ಬೇಡ ಎಂದರೆ ಅದಕ್ಕಿಂತ ದೊಡ್ಡ ಭಯ. ಮಲಕಮ್ಮ ಮಗಳ ತಲೆಯ ಹತ್ತಿರ ಕೂತು ಸೊಟ್ಟ ಕೈಯಿಂದಲೇ ಕೂದಲು ಸವರಿದಳು.

"ಇದರಿಂದೇ ಮುರೀತೋ ಇಲ್ಲೋ ನಂಗ ಗೊತ್ತಿಲ್ಲವ್ವಾ. ಡಾಕ್ಟರಬಾಯಿಗೂ ಪೂರಾ ಗೊತ್ತಿಲ್ಲ. ಹಿಂಗ ಮಲಕೊಂಡ್ರ ಏನಾಗ್ತದ ಅನ್ನೋದು ಮಾತ್ರ ನಂಗ ಗೊತ್ತದ. ಏಳು, ಉದಗೀರಕ್ಕ ಹೋಗೂಣು."

ಮರುದಿನ ಉದಗೀರದ ದವಾಖಾನೆಯ ಬೆಂಚಿನ ಮೇಲೆ ತಾಯಿ ಮಗಳು ಸಾಲಿನಲ್ಲಿ ಕೂತರು. ಕೂಸು ಮಲಕಮ್ಮನ ಎಡತೋಳಿನಲ್ಲಿತ್ತು. ಈ ಸಲ ಎಲುಬಿನ ಮಾತು ಮೊದಲೇ ಕೇಳಬೇಕು, ಹಾಲು ಕುಡಿಯುವ ಕೂಸಿಗೆ ಏನಾಗುತ್ತದೆಂದೂ ಕೇಳಬೇಕು ಎಂದು ಅವಳು ಮನಸ್ಸಿನಲ್ಲೇ ಮರಾಠಿ ಜೋಡಿಸುತ್ತಿದ್ದಳು. ಅರ್ಧ ಜೋಡಿಸುವಷ್ಟರಲ್ಲಿ ಒಳಗಿನಿಂದ ವಿಜಯಶ್ರೀಯ ಹೆಸರು ಕರೆದರು.