ಹೊಳೆಯಾಚೆಯ ಕೂಸು, ಒಂದು ತೊಗರಿ ಕಾಳು

ದವಾಖಾನೆ ಇದ್ದ ಊರು ಯಾವುದೆಂದು ನಾನು ಬರೆಯುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಒಂದು ಊರು ಅಂತ ತಿಳಿದುಕೊಂಡರೆ ಸಾಕು. ಅಲ್ಲಿನ ಗುಮಾಸ್ತ ಮಣ್ಣು ಸೇರಿ ಎಷ್ಟೋ ಕಾಲವಾಗಿರಬೇಕು, ಅವನ ಮೊಮ್ಮಕ್ಕಳು ಮಾನವಾಗಿ ಬಾಳುತ್ತಿರಬಹುದು. ನನ್ನ ಸಿಟ್ಟು ಮಾತ್ರ ಇನ್ನೂ ಮಣ್ಣು ಸೇರಿಲ್ಲ.

ನನ್ನ ತವರೂ ಗಂಡನ ಮನೆಯೂ ಭೀಮಾ ಹೊಳೆಯ ಈಚೆ, ಇಂಗ್ರೇಜಿ ಮುಲುಕಿನಲ್ಲಿ. ಅಕ್ಕನನ್ನು ಕೊಟ್ಟದ್ದು ಹೊಳೆಯ ಆಚೆ. ನಿಜಾಮರ ಆಳ್ವಿಕೆಯ ಆ ಸೀಮೆಗೆ ನಾವು ಮೊಗಲಾಯಿ ಅನ್ನುತ್ತಿದ್ದೆವು. ಬಸುರಿ ಅಕ್ಕನ ಕುಬುಸಕ್ಕೆಂದು ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಹೋದಾಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಅಫಜಲಪುರದ ಹತ್ತಿರ ಹರಗೋಲಿನಲ್ಲಿ ಹೊಳೆ ದಾಟಿದರೆ ದಂಡೆಯ ಮೇಲೇ ಸುಂಕದ ನಾಕಾ. ಅಲ್ಲಿನ ಸಿಪಾಯಿ ನನ್ನ ಟ್ರಂಕು ತೆಗೆಸಿ, ಅಕ್ಕನಿಗೆಂದು ತಂದ ಖಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, "ಪರದೇಶದ ಅರಿವಿ" ಅಂದ. ಗುಳೇದಗುಡ್ಡದ ಖಣ ಪರದೇಶದ್ದಂತೆ! ಎರಡೂ ದಂಡೆಯ ಮೇಲೆ ಅದೇ ಜೋಳ, ಅದೇ ರೊಟ್ಟಿ, ಅವೇ ಬೈಗುಳ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಪರದೇಶದವರಾಗುವುದೆಂದರೆ ಏನು ಅಂತ ಆಗ ಗೊತ್ತಿರಲಿಲ್ಲ.

ಕುಬುಸ ಮುಗಿದ ಮರುದಿನ ಶುಕ್ರವಾರ. ಅಕ್ಕನ ಮನೆಯ ಅಂಗಳದ ತುಂಬ ತೊಗರಿ ಒಣಹಾಕಿದ್ದರು, ಬೇಳೆ ಒಡೆಯುವುದಿತ್ತು. ಹೆಂಗಸರು ಬೀಸುಕಲ್ಲಿನ ಸುತ್ತ ಕೂತಿದ್ದೆವು. ಮಗಳು ಕಾಳಿನ ರಾಶಿಯಲ್ಲಿ ಆಡುತ್ತಿದ್ದವಳು ಒಂದು ಕಾಳನ್ನು ಮೂಗಿನ ಹೊಳ್ಳೆಗೆ ತುರುಕಿಕೊಂಡಳು. ಆಮೇಲೆ ಶುರುವಾಯಿತು ನಮ್ಮ ಜಾಣತನ. ನಾನು ತುರುಬಿನ ಪಿನ್ನು ಹಾಕಿ ಕೆದಕಿದೆ, ಕಾಳು ಇನ್ನಷ್ಟು ಒಳಗೆ ಹೋಯಿತು. ಅಕ್ಕನ ಅತ್ತೆ ಸೀನು ಬರಲೆಂದು ನಶ್ಯ ಹಿಡಿದರು. ಕೂಸು ಸೀನುವ ಬದಲು ಜೋರಾಗಿ ಉಸಿರೆಳೆದುಕೊಂಡಿತು. ಕಾಳು ಕಣ್ಣಿಗೇ ಕಾಣದಾಯಿತು, ರಕ್ತ ಬಂತು. ಹಸಿಯಲ್ಲಿ ಕೂತ ತೊಗರಿ ಉಬ್ಬುತ್ತದೆ ಎಂದು ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ವರ್ಷವೇ ನಮ್ಮ ಓಣಿಯಲ್ಲಿ ಶೇಂಗಾ ಬೀಜವೊಂದು ಉಸಿರಿನ ದಾರಿಗೆ ಇಳಿದು ಒಂದು ಕೂಸು ನೋಡನೋಡುತ್ತ ಹೋಗಿತ್ತು. ನನ್ನ ಕಣ್ಣ ಮುಂದೆ ಅದೇ ಕೂಸು.

ಭಾವ, ಅಂದರೆ ಅಕ್ಕನ ಗಂಡ, ಗಾಡಿ ಹೂಡಿದರು. ದವಾಖಾನೆ ಎರಡು ಹರದಾರಿ. ಮುಟ್ಟುವ ಹೊತ್ತಿಗೆ ಮಗಳ ಮೂಗು ಬಾತು, ಬಾಯಿಂದ ಉಸಿರಾಡುತ್ತ, ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು. ದವಾಖಾನೆಯ ಪಡಸಾಲೆಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಗುಮಾಸ್ತ, ಅವನ ಹಿಂದೆ ಹಸಿರು ಪರದೆ. ಪರದೆಯ ಕೆಳಗೆ ಡಾಕ್ಟರರ ಬೂಟುಗಳು ಕಾಣುತ್ತಿದ್ದವು. ಹತ್ತು ಹೆಜ್ಜೆ ಆಗುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಗುಮಾಸ್ತನ ಹಣೆಯ ಮೇಲೆ ನಮ್ಮ ಹಾಗೆಯೇ ಮೂರು ಬೆರಳ ವಿಭೂತಿ. ನಮ್ಮವನೇ ಅಂತ ನನ್ನ ಜೀವ ಒಂದು ಗಳಿಗೆ ತಣ್ಣಗಾಯಿತು.

"ಯಾವೂರ್ರಿ?" ಅಂದ.

ಭಾವ ತಮ್ಮ ಊರಿನ ಹೆಸರು ಹೇಳಲು ಬಾಯಿ ತೆರೆದಿದ್ದರು. ನಾನು ಹುಂಬಿ, ನಡುವೆ ಬಾಯಿ ಹಾಕಿ, "ಹೊಳಿ ಆಚೆರಿ, ಇಂಡಿ ಕಡೆ" ಅಂದುಬಿಟ್ಟೆ.

ಅವನು ಲೇಖಣಿ ಕೆಳಗಿಟ್ಟ. "ಗೈರಮುಲ್ಕಿ ಮಂದಿ. ಈ ಮುಲುಕಿನವರಾದ್ರ ಊರ ಪಾಟೀಲರ ಚೀಟಿ ನಡೀತದ. ನಿಮಗ ಕಚೇರಿ ಚೀಟಿ ಬೇಕು."

"ಕೂಸು ಉಸ್ರು ಕಟ್ಟಿ ಸಾಯಾಕತ್ತದ್ರಿ ಸಾಹೇಬ್ರ," ಅಂದರು ಭಾವ. "ಇವತ್ತ ಶುಕ್ರಾರ, ಕಚೇರಿಗೆ ಸೂಟಿ."

"ಸೂಟಿ ನಾ ಕೊಟ್ಟೇನೇನ್ರಿ? ನಾಳೆ ಮ್ಯಾಲಿನವರು ಕೇಳಿದ್ರ ಜವಾಬು ಕೊಡಾಂವ ನಾನು."

ನಾನು ಕೂಸನ್ನು ಎತ್ತಿಕೊಂಡು ಪರದೆಯತ್ತ ನುಗ್ಗಿದೆ. ಬಾಗಿಲಲ್ಲಿ ನಿಂತ ಸಿಪಾಯಿ ಕೋಲು ಅಡ್ಡ ಹಿಡಿದ. ಬೂಟುಗಳು ಅಲ್ಲಾಡಲೂ ಇಲ್ಲ. ಭಾವ ಕಚೇರಿಯವರ ಮನೆ ಹುಡುಕಿಕೊಂಡು ಓಡಿದರು.

ಆಮೇಲೆ ಗುಮಾಸ್ತನಿಗೆ ಕರುಣೆ ಬಂತೋ ಬೇಸರ ಬಂತೋ, ಚೀಟಿ ಬರುವತನಕ ಫಾರಮು ತುಂಬೋಣ ಅಂದ. ಉರ್ದು ಅಕ್ಷರದ ಫಾರಮು. ಕೂಸಿನ ಹೆಸರು ಕೇಳಿದ, ಹೇಳಿದೆ. ತಂದೆಯ ಹೆಸರು ಕೇಳಿದ.

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರಬಾರದು, ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಮೂರು ಅಕ್ಷರದ ಆ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕೂಸು ತೋಳಿನಲ್ಲಿ ಗೊರಗೊರ ಅನ್ನುತ್ತಿತ್ತು. ಆದರೂ ನನ್ನ ಬಾಯಿ ತೆರೆಯಲಿಲ್ಲ. ಇವತ್ತು ನೆನೆದರೆ ನನಗೆ ನಾನೇ ನಾಲ್ಕು ಬಾರಿಸಬೇಕು ಅನ್ನಿಸುತ್ತದೆ.

"ತಂದಿ ಹೆಸರಿಲ್ಲದ ಕೂಸಿಗೆ ಔಷಧ ಹ್ಯಾಂಗ ಕೊಡೂದವ್ವ?" ಅಂದ ಅವನು. ಸಿಪಾಯಿ ನಕ್ಕ.

ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಬಡವನ ಸಿಟ್ಟು ದವಡೆಗೆ ಮೂಲ, ಹೆಂಗಸಿನ ಸಿಟ್ಟು ಅದಕ್ಕಿಂತ ಕಡೆ. ಹಲ್ಲು ಕಚ್ಚಿಕೊಂಡು ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು ಅತ್ತೆ.

ಅಲ್ಲಿ ಒಬ್ಬ ಮುದುಕಿ ಕಸ ಗುಡಿಸುತ್ತಿದ್ದಳು. ಊರ ಹೊರಗಿನ ಕೇರಿಯವಳು ಅಂತ ಅವಳು ದೂರ ನಿಂತ ರೀತಿಯಿಂದಲೇ ತಿಳಿಯುತ್ತಿತ್ತು. ಪೊರಕೆ ನೆಲಕ್ಕಿಟ್ಟು ಕೇಳಿದಳು, "ಮೂಗಿನಾಗ ಕಾಳೇನ್ರಿ ಎವ್ವಾ? ನನ್ನ ಮೊಮ್ಮಗಳೂ ಹಿಂಗ ಮಾಡ್ಕೊಂಡಿತ್ತು. ಚೊಲೋ ಇದ್ದ ಹೊಳ್ಳಿ ಒತ್ತಿ ಹಿಡೀರಿ. ಬಾಯಿಗೆ ಬಾಯಿ ಹಚ್ಚಿ ಒಮ್ಮೆ ಜೋರ್ಲೆ ಊದ್ರಿ."

ಊದಿದೆ. ಬಿಕ್ಕುತ್ತಿದ್ದ ನನ್ನ ಬಾಯಿಯಲ್ಲಿ ಗಾಳಿಯೇ ನಿಲ್ಲಲಿಲ್ಲ. ಎರಡನೆಯ ಸಲ ಮಗಳು ನನ್ನ ತುಟಿ ಕಚ್ಚಿದಳು. ಮೂರನೆಯ ಸಲ ಊದುವ ಬದಲು ಕೂಸನ್ನು ಮುದುಕಿಯ ಮುಂದೆ ಹಿಡಿದೆ.

"ನೀವೇ ಊದ್ರಿ," ಅಂದೆ.

ಅವಳು ಹಿಂದೆ ಸರಿದಳು. "ನಾ ಮುಟ್ಟಬಾರದ್ರಿ. ಆಮ್ಯಾಲ ನಿಮ್ಮ ಮಂದಿ ನನ್ನ ಬೈತಾರ."

"ನಾ ಹೇಳಾಕತ್ತೇನಿ, ಊದ್ರಿ!"

ಸೆರಗಿನಿಂದ ಬಾಯಿ ಒರೆಸಿಕೊಂಡು, ಮಂಡಿಯೂರಿ ಕೂತು, ನನ್ನ ಮಗಳ ಗಲ್ಲ ಹಿಡಿದಳು. ಅದೇನು ಪಿಸುಗುಟ್ಟಿದಳೋ, ಕೂಸು ಒಂದು ಕ್ಷಣ ಸುಮ್ಮನಾಗಿ ಬಾಯಿ ಬಿಟ್ಟಿತು. ಮುದುಕಿ ಒಂದೇ ಸಲ ಊದಿದಳು. ರಕ್ತ, ಸಿಂಬಳದ ಜೊತೆ ಕಾಳು ಹಾರಿ ನನ್ನ ಮಡಿಲಿಗೆ ಬಿತ್ತು. ಉಬ್ಬಿ, ಸಿಪ್ಪೆ ಒಡೆದು, ಹೋದದ್ದಕ್ಕಿಂತ ಎರಡರಷ್ಟಾಗಿತ್ತು. ಮಗಳು ಮೂಗಿನಿಂದ ಉಸಿರೆಳೆದು ಗಟ್ಟಿಯಾಗಿ ಅತ್ತಳು. ಅಷ್ಟು ಚಂದದ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಅಷ್ಟರಲ್ಲಿ ಭಾವ ಬೆವರು ಸುರಿಸುತ್ತ ಬಂದರು, ಕೈಯಲ್ಲಿ ಕಚೇರಿಯ ಚೀಟಿ. ಒಳಗಿನಿಂದ ಗುಮಾಸ್ತ ಕೂಗಿದ, "ಚೀಟಿ ಬಂತಲ್ಲ, ಈಗ ಬರ್ರಿ ಒಳಗ!"

ಹೋದೆ. ಆ ರಕ್ತದ ಕಾಳನ್ನು ಅವನ ಫಾರಮಿನ ಮೇಲೆ, ತಂದೆಯ ಹೆಸರು ಬರೆಯಲು ಬಿಟ್ಟ ಖಾಲಿ ಜಾಗದಲ್ಲಿಟ್ಟೆ. "ಇದು ಈ ಮುಲುಕಿನ ತೊಗರಿ ಅದ. ಇಟ್ಕೋರಿ," ಅಂದೆ. ಅವನ ಮುಖ ಕಪ್ಪಿಟ್ಟಿತು. ಹಾಗೆಯೇ ಹೊರಗೆ ಬಂದು ಗಾಡಿ ಹತ್ತಿದೆ.

ದಾರಿಯುದ್ದಕ್ಕೂ ಅವನಿಗೆ ಶಾಪ ಹಾಕಿದೆ. ಉಸಿರು ಕಟ್ಟಿದ ಕೂಸಿಗೆ ಯಾವ ಮುಲುಕು ಅಂತ ಕೇಳಿದವನ ಬಾಯಲ್ಲಿ ಹುಳ ಬೀಳಲಿ ಅಂದೆ. ಕಾಳು ಹೇಗೆ ಬಂತು ಅಂತ ಭಾವ ಕೇಳಿದರು, ಹೇಳಿದೆ. ಊರು ಹತ್ತಿರ ಬಂದಾಗ ಹಳ್ಳದಲ್ಲಿ ಗಾಡಿ ನಿಲ್ಲಿಸಿ, "ಕೂಸಿನ ಬಾಯಿ ತೊಳದು, ವಿಭೂತಿ ಹಚ್ಚವ್ವ. ಮನ್ಯಾಗ ಹೇಳಬ್ಯಾಡ," ಅಂದರು. ದಿನಾ ಸಂಜೆ ಶರಣರ ವಚನ ಹೇಳುತ್ತಿದ್ದ ಮನೆ ಅದು.

ನಾನು ಜಗಳವಾಡಿದೆ ಅಂತ ಬರೆಯಬಹುದಿತ್ತು. ಆಡಲಿಲ್ಲ. ಗಾಡಿಯಿಂದ ಇಳಿದು ಹಳ್ಳದ ನೀರಿನಿಂದ ಮಗಳ ಬಾಯಿ ತೊಳೆದೆ. ಮೂರು ಸಲ ಮುಕ್ಕಳಿಸಲು ಹಚ್ಚಿದೆ. ಅವಳು ಬೇಡ ಬೇಡ ಅಂತ ಅಳುತ್ತಿದ್ದಳು. ನಾನೇ ತೊಳೆದೆ, ಈ ಕೈಯಿಂದ.

ಆ ಮಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಈ ಕತೆ ಹೇಳಿದಾಗಲೆಲ್ಲ ಗುಮಾಸ್ತನಿಗೆ ಅವಳೂ ನನ್ನ ಜೊತೆ ಬಯ್ಯುತ್ತಾಳೆ. ಮೊನ್ನೆ ಮಾತ್ರ ಬೇರೆ ಕೇಳಿದಳು: "ಎವ್ವಾ, ಆ ಮುದುಕಿ ಹೆಸರೇನ?"

ನನಗೆ ಗೊತ್ತಿಲ್ಲ. ಗಂಡನ ಹೆಸರು ಹೇಳಬಾರದಿತ್ತು, ಹೇಳಲಿಲ್ಲ. ಆದರೆ ಅವಳ ಹೆಸರು ಕೇಳಬಾರದು ಅಂತ ಯಾರೂ ಹೇಳಿರಲಿಲ್ಲ. ಆ ಗುಮಾಸ್ತ ಕಟುಕನೇ ಸರಿ, ಅವನಾದರೂ ನಮ್ಮ ಹೆಸರು ಕೇಳಿದ್ದ.