ಹಲ್ಲಿನ ಗುರುತಿದ್ದ ಸ್ಕ್ರೂಡ್ರೈವರ್

ಕಳೆದ ವಾರ ಬಾವಿಯ ಪಂಪು ಕರಕರ ಸದ್ದು ಮಾಡತೊಡಗಿತು. ರಿಪೇರಿಯವನು ನಾಳೆ ಬರುತ್ತೇನೆ ಎಂದು ಹೇಳಿ ಮೂರು ದಿನ ಕಳೆದಿತ್ತು. ನಾನೇ ಬಿಚ್ಚಿ ನೋಡೋಣವೆಂದು ಹಳೆಯ ತಗಡಿನ ಪೆಟ್ಟಿಗೆಯನ್ನು ತಡಕಿದಾಗ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಕೈಗೆ ಬಂತು. ಮರದ ಹಿಡಿ ಎಣ್ಣೆ ಕುಡಿದು ಕಪ್ಪಾಗಿದೆ. ಅದರ ತುದಿಯಲ್ಲಿ ಹಲ್ಲಿನ ಗುರುತುಗಳು, ಮೇಲೊಂದು ಸಾಲು, ಕೆಳಗೊಂದು ಸಾಲು. ಅದು ಕಾಪುವಿನ ನಮ್ಮ ಕಾರು ಮೇಸ್ತ್ರಿಯದು...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಊರಿನ ಡಾಕ್ಟರಮ್ಮನಾಗಿ ನಾನು ಕಾಪುವಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೆ. ಮೂರು ಕೈ ದಾಟಿ ಬಂದ ಕಪ್ಪು ಕಾರೊಂದು ನನ್ನಲ್ಲಿತ್ತು. ಹೆರಿಗೆ ಕಷ್ಟವಾದವರನ್ನು ಮಣಿಪಾಲದ ಆಸ್ಪತ್ರೆಗೆ ಮುಟ್ಟಿಸಲು ಅದೇ ಗತಿ. ಒಂದು ಬೇಸಿಗೆಯಲ್ಲಿ ಅದರ ಇಂಜಿನ್ ಮಣಿಪಾಲದ ಏರಿನಲ್ಲಿ ಬಡಿಯತೊಡಗಿತು. ಉಡುಪಿಯ ಒಂದು ಗ್ಯಾರೇಜಿನವರು, ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು, ಒಂದು ತಿಂಗಳು ಹಿಡಿಯುತ್ತದೆ ಎಂದರು. ಒಂದು ತಿಂಗಳು ಹೆರಿಗೆಗಳನ್ನು ಮುಂದೂಡುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಹಾಗಾಗಿ ಮೇಸ್ತ್ರಿಯ ಬಳಿ ಹೋದೆ.

ಹೆದ್ದಾರಿಯ ಬದಿಯ ಶೆಡ್ಡಿನಲ್ಲಿ ಅವರು ಒಬ್ಬರೇ ಕೆಲಸ ಮಾಡುತ್ತಿದ್ದರು. ಐವತ್ತರ ಆಸುಪಾಸಿನ ವಯಸ್ಸು. ಬಾನೆಟ್ ತೆಗೆಯುವ ಮೊದಲು ಗಾಡಿಯವರನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಅವರ ಕ್ರಮ. ನಾವು ರೋಗಿಯನ್ನು ಕೇಳುವುದಕ್ಕಿಂತ ಹೆಚ್ಚೇ ಕೇಳುತ್ತಿದ್ದರು.

"ಎದುರಿಗೆ ನಿಂತು ಹೇಳಿ ಡಾಕ್ಟ್ರೇ. ಒನಕೆಯಲ್ಲಿ ಕುಟ್ಟಿದ ಹಾಗೆ ಉಂಟಾ, ತೆಂಗಿನ ಗೆರಟೆಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಉಂಟಾ?"

ನನಗೆ ಗೊತ್ತಿರಲಿಲ್ಲ. ಹಾಗಾದರೆ ಹೋಗಿ ನೋಡುವ ಎಂದರು. "ಖಾಲಿ ಗಾಡಿ ಸುಳ್ಳು ಹೇಳ್ತದೆ. ಭಾರ ಬೇಕು." ಮಟ್ಟುವಿನ ರೈತರೊಬ್ಬರು ಮೂರು ಮೂಟೆ ಗುಳ್ಳ ಬದನೆ ಇಟ್ಟುಕೊಂಡು ಉಡುಪಿಯ ಬಸ್ಸಿಗೆ ಕಾಯುತ್ತಿದ್ದರು. ಮೂಟೆಗಳ ಜೊತೆಗೆ ಅವರನ್ನೂ ಕಾರಿಗೆ ತುಂಬಿಸಿದೆವು. ಉಡುಪಿ ಬಂದಾಗ ಮೇಸ್ತ್ರಿ ಇಳಿಯಲು ಬಿಡಲಿಲ್ಲ. ಆ ಗುಳ್ಳ ಮಣಿಪಾಲದ ಗುಡ್ಡ ಹತ್ತಿ ಇಳಿದ ಮೇಲೆಯೇ ಮಾರುಕಟ್ಟೆ ಕಂಡದ್ದು. "ನನ್ನ ಗುಳ್ಳಕ್ಕೆ ಎಂತ ಕಾಯಿಲೆ ಮಾರಾಯ್ರೇ, ಆಸ್ಪತ್ರೆಗೆ ತರ್ಲಿಕ್ಕೆ?" ಎಂದು ರೈತರು ಹಿಂದಿನ ಸೀಟಿನಿಂದ ಕೇಳಿದರು. ನಾನು ನಕ್ಕೆ. ಮುಂದೆ ಕುಳಿತ ಮೇಸ್ತ್ರಿ ನಗಲಿಲ್ಲ. ಗಂಭೀರ ಮನುಷ್ಯ ಎಂದುಕೊಂಡೆ.

ಏರಿನಲ್ಲಿ ಸದ್ದು ಬಂತು. ಗೆರಟೆಯ ಕಲ್ಲೇ. ಆಕ್ಸಿಲರೇಟರ್ ಒತ್ತಿದರೆ ಶುರು, ಬಿಟ್ಟರೆ ನಿಲ್ಲುತ್ತಿತ್ತು. ನಾನು ಹೇಳಿದ್ದನ್ನು ಅವರು ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು. ಶೆಡ್ಡಿಗೆ ಮರಳಿದ ಮೇಲೆ ಈ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಒತ್ತಿ, ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸಿದರು. ಎರಡೂ ಕೈಗೆ ಕೆಲಸವಿದೆ, ಅದಕ್ಕೆ ಬಾಯಿಯಲ್ಲಿ ಹಿಡಿದಿದ್ದಾರೆ ಎಂದು ನಾನು ತಿಳಿದೆ.

"ಬೇರಿಂಗಿಗೆ ಎಂತದೂ ಆಗ್ಲಿಲ್ಲ. ಒಳಗೆ ಮಸಿ ಕಟ್ಟಿದೆ. ಟೈಮಿಂಗ್ ಕೂಡ ಸ್ವಲ್ಪ ಮುಂದೆ ಹೋಗಿದೆ."

ಹೆಡ್ ಬಿಚ್ಚಿದಾಗ ಪಿಸ್ಟನ್ನುಗಳ ಮೇಲೆ ಹಳೆಯ ಕಾವಲಿಯ ತಳದಂತೆ ಮಸಿ ಇತ್ತು. ಅದನ್ನು ಕೆರೆದು ತೆಗೆದು, ಕಿಡಿ ಹಾರುವ ಹೊತ್ತನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದರು. ಎರಡೇ ದಿನದ ಕೆಲಸ. ಕಾರು ಮತ್ತೆಂದೂ ಆ ಏರಿನಲ್ಲಿ ಬಡಿಯಲಿಲ್ಲ.

ಕಾರು ತರಲು ಹೋದ ದಿನ ಅವರು ಬೆನ್ನು ಹಾಕಿ ಕುಳಿತಿದ್ದರು. ಮೂರು ಸಲ ಕರೆದೆ. ಯಾವ ಇಂಜಿನ್ನೂ ಓಡುತ್ತಿರಲಿಲ್ಲ, ಆದರೂ ತಿರುಗಲಿಲ್ಲ. ನಾನು ಸುತ್ತಿ ಎದುರಿಗೆ ಬಂದಾಗ, ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು.

"ಐದು ವರ್ಷ ಆಯ್ತು," ಎಂದರು. "ಇದು ನಿಮ್ಮಲ್ಲೇ ಇರ್ಲಿ ಡಾಕ್ಟ್ರೇ. ಜನರಿಗೆ ಗೊತ್ತಾದ್ರೆ ನಾನು ಶೆಡ್ಡಿಗೆ ಬಾಗಿಲು ಹಾಕ್ಬೇಕು."

ಆಗಲಿ ಎಂದೆ. ಮಣಿಪಾಲದಲ್ಲಿ ಕಿವಿ ತೋರಿಸಿ ಎಂದೂ ಹೇಳಿದೆ. ತಲೆಯಾಡಿಸಿದರು, ಹೋಗಲಿಲ್ಲ.

ಒಂದು ವರ್ಷ ಮಾತು ಉಳಿಸಿಕೊಂಡೆ. ಆಮೇಲೆ ಕಾರ್ಕಳದಲ್ಲಿ ಒಂದು ಗೃಹಪ್ರವೇಶದ ಊಟ. ಸಾಲಿನಲ್ಲಿ ಬಸ್ಸು, ಟ್ಯಾಕ್ಸಿ ಇಟ್ಟುಕೊಂಡವರೆಲ್ಲ ಇದ್ದರು. ಒಳ್ಳೆಯ ಮೆಕ್ಯಾನಿಕ್ ಎಲ್ಲಿದ್ದಾನೆ ಎಂದು ಮಾತು ಬಂತು. ನಾನು ನಮ್ಮ ಮೇಸ್ತ್ರಿಯನ್ನು ಹೊಗಳಿದೆ. ಹೊಗಳುವ ಭರದಲ್ಲಿ, ಪಾಪ, ಅವರಿಗೆ ಕಿವಿಯೇ ಕೇಳುವುದಿಲ್ಲ, ಆದರೂ ಎಂಥ ಕೆಲಸ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾಯಸ ಬರುವ ಮೊದಲೇ ಅದು ಆಚೆ ಪಂಕ್ತಿಗೆ ದಾಟಿತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಶೆಡ್ಡಿನ ಎದುರು ಗಾಡಿಗಳು ಕಡಿಮೆಯಾದವು. ನನ್ನ ಕ್ಲಿನಿಕ್ಕಿನ ಬೆಂಚಿನಲ್ಲೇ ಟ್ಯಾಕ್ಸಿಯವನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಕಿವಿ ಕೇಳದವ ಇಂಜಿನ್ ಎಂತ ನೋಡುವುದು ಮಾರಾಯ?" ಒಳಗಿದ್ದ ನನಗೆ ಅದು ಚೆನ್ನಾಗಿಯೇ ಕೇಳಿಸಿತು.

ಕೊನೆಯ ಸಲ ಹೋದಾಗ ಶೆಡ್ಡಿನಲ್ಲಿ ನನ್ನ ಕಾರೊಂದೇ ಇತ್ತು. ಎಂದಿನಂತೆಯೇ ಪ್ರಶ್ನೆ ಕೇಳಿದರು, ಎಂದಿನಂತೆಯೇ ಸರಿ ಮಾಡಿದರು. ಹೊರಡುವಾಗ ಸ್ಟಿಯರಿಂಗ್ ಹಿಡಿದು, ಮೇಸ್ತ್ರಿ, ನನ್ನಿಂದ ತಪ್ಪಾಯಿತು ಎಂದೆ. ಹೇಳುವಾಗ ನನ್ನ ಮುಖ ರಸ್ತೆಯ ಕಡೆಗಿತ್ತು. ಅವರಿಗೆ ಕೇಳಿಸುವುದಿಲ್ಲ ಎಂದು ತಿಳಿದೇ ಹಾಗೆ ಹೇಳಿದ್ದು. ಅದು ಹೇಡಿತನ, ಬೇರೆ ಹೆಸರಿಲ್ಲ. ಅವರು ಕಿಟಕಿಯಿಂದ ಕೈ ಹಾಕಿ ಈ ಸ್ಕ್ರೂಡ್ರೈವರನ್ನು ಪಕ್ಕದ ಸೀಟಿನಲ್ಲಿಟ್ಟರು. "ಇರ್ಲಿ ಡಾಕ್ಟ್ರೇ. ಇನ್ನು ನನಗೆ ಬೇಡ."

ಶೆಡ್ಡು ಮುಚ್ಚಿತು. ಅಜೆಕಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಕೇಳಿದೆ. ಹೋಗಬೇಕು, ಹೋಗಬೇಕು ಎನ್ನುತ್ತಲೇ ಇದ್ದೆ... ತೀರಿಕೊಂಡ ಸುದ್ದಿ ಬಂದದ್ದು ಉತ್ತರಕ್ರಿಯೆ, ಬೊಜ್ಜವೆಲ್ಲ ಮುಗಿದ ಮೇಲೆ.

ಮೊನ್ನೆ ಪಂಪಿನ ಮುಂದೆ ಕುಳಿತು ಆ ಹಿಡಿಯನ್ನು ನಾನೂ ಹಲ್ಲಿನಲ್ಲಿ ಕಚ್ಚಿದೆ. ತುದಿಯನ್ನು ಪಂಪಿಗೆ ಒತ್ತಿ, ಎರಡೂ ಕಿವಿಗೆ ಬೆರಳು ತುರುಕಿದೆ. ಹೊರಗಿನ ಸದ್ದೆಲ್ಲ ನಿಂತಿತು. ತಲೆಯ ಒಳಗೆ ಪಂಪಿನ ಬೇರಿಂಗ್ ಸವೆದು ಉಜ್ಜುವುದು ಸ್ಪಷ್ಟವಾಗಿ ಕೇಳಿಸಿತು. ಕಿವಿ ಮುಚ್ಚಿದರೂ ಎಲುಬು ಸದ್ದನ್ನು ಒಯ್ಯುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲೇ ಓದಿದ್ದೆ. ಕಿವಿಯ ಹಿಂದಿನ ಎಲುಬಿಗೆ ಮಿಡಿಯುವ ಟ್ಯೂನಿಂಗ್ ಫೋರ್ಕ್ ಒತ್ತಿ ಎಷ್ಟೋ ರೋಗಿಗಳನ್ನು ಪರೀಕ್ಷಿಸಿದ್ದೆ. ಮೇಸ್ತ್ರಿ ನನ್ನ ಕಣ್ಣೆದುರೇ ಅದನ್ನು ಮಾಡಿದಾಗ ಮಾತ್ರ ನನಗೆ ಕಾಣಲಿಲ್ಲ.

ಅವರಿಗೆ ಇಂಜಿನ್ ಕೇಳುತ್ತಿತ್ತು. ಕೇಳುವುದಿಲ್ಲ ಎಂದು ಊರಿಗೆ ಹೇಳಿದವಳು ನಾನು. ಇದನ್ನು ಇನ್ನು ಅವರ ಎದುರಿಗೆ ನಿಂತು ಹೇಳುವಂತಿಲ್ಲ.