ಕೂರಬಾರದ ಲಿಫ್ಟ್

ಒಂಬತ್ತು ವರ್ಷಗಳ ನಂತರ ಸ್ವೀಡನ್ನಿನ ಆ ಸ್ಕೀ ಬೆಟ್ಟಕ್ಕೆ ಮತ್ತೆ ಹೋದಾಗ ನನಗೆ ಮೊದಲು ಗುರುತು ಸಿಕ್ಕಿದ್ದು ಬೆಟ್ಟವಲ್ಲ, ಅದರ ಬುಡದ ಮರದ ಮನೆ. ಹಿಮದಲ್ಲಿ ಆಡಿ ಬಂದವರು ಮೈ ಬೆಚ್ಚಗೆ ಮಾಡಿಕೊಂಡು ಬುತ್ತಿ ಬಿಚ್ಚುವ ಜಾಗ ಅದು. ಕಿಟಕಿ ಪಕ್ಕದ ಬೆಂಚು, ಕೈಗವಸು ಒಣಗಿಸುವ ಗೂಟಗಳು, ವಾಫಲ್ ಬೇಯುವ ವಾಸನೆ ಎಲ್ಲ ಹಾಗೇ ಇದ್ದವು. ಮೈಕ್ರೋವೇವ್ ಮಾತ್ರ ಹೊಸದು. ಆ ಬೆಂಚಿನ ಮೇಲೆ ನಾನು ಮೂರು ಚಳಿಗಾಲ ಚೀಲ ಕಾದಿದ್ದೇನೆ.

ಚೀಲ ಕಾಯುವುದಕ್ಕೆಂದೇ ಹೋದವಳಲ್ಲ. ಮೊದಲ ವರ್ಷ, ಮೊದಲ ದಿನವೇ ನನ್ನವರ ಜೊತೆ ಆಂಕರ್ ಲಿಫ್ಟಿಗೆ ನಿಂತಿದ್ದೆ. ಮೇಲೆ ಓಡುವ ತಂತಿಯಿಂದ ಲಂಗರಿನ ಆಕಾರದ ಕೋಲೊಂದು ಇಳಿದು ಬರುತ್ತದೆ. ಅದರ ಎರಡು ತೋಳುಗಳು ಇಬ್ಬರನ್ನು ಹಿಂದಿನಿಂದ ತಳ್ಳಿಕೊಂಡು, ನಿಂತವರನ್ನು ನಿಂತಂತೆಯೇ ಮೇಲಕ್ಕೆ ಎಳೆದೊಯ್ಯುತ್ತವೆ. ಅದರ ಮೇಲೆ ಕೂರಬಾರದು. ನಾನು ಕೂತೆ. ಸಿಟಿ ಬಸ್ಸಿನಲ್ಲಿ ಸೀಟು ಕಂಡೊಡನೆ ಕೂತುಬಿಡುವ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ? ನನ್ನ ಭಾರಕ್ಕೆ ಕೋಲಿನ ಹಗ್ಗ ಸುರುಳಿ ಬಿಚ್ಚಿಕೊಂಡು ಕೆಳಗಿಳಿಯಿತು; ನಾನು ಹಿಮಕ್ಕೆ, ನನ್ನ ಮೇಲೆ ಅವರು. ಲಿಫ್ಟ್ ನಿಲ್ಲಿಸಿದರು. ಸಾಲಿನಲ್ಲಿದ್ದವರೆಲ್ಲ ನಾವು ಏಳುವವರೆಗೆ ಕಾದರು.

ಬಿದ್ದದ್ದು ಒಂದೇ ಸಲ, ಆಮೇಲೆ ನನಗೆ ಬೆಂಚೇ ಗತಿಯಾಯಿತು. ಆದರೆ ಅಲ್ಲಿಂದ ಮುಂದೆ ಪ್ರತಿ ಯುಗಾದಿಗೆ, ಪ್ರತಿ ದೀಪಾವಳಿಗೆ ಕನ್ನಡದವರು ಸೇರಿದಾಗಲೆಲ್ಲ ನನ್ನವರು ಪೊರಕೆ ಹಿಂದಿಟ್ಟುಕೊಂಡು ಅದನ್ನು ಅಭಿನಯಿಸಿ ತೋರಿಸುತ್ತಿದ್ದರು. "ನಮ್ಮನೆಯವಳು ಸೋಫಾ ಅಂದ್ಕೊಂಡ್ಬಿಟ್ಲು!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಲೇ ಕೋಸಂಬರಿ ಬಡಿಸುತ್ತಿದ್ದೆ. ಈ ಕಥೆ ಇನ್ನು ಸಾಕು ಅಂತ ಈ ಚಳಿಗಾಲ ನಿಶ್ಚಯಿಸಿದೆ. ಎಸ್ಕಿಲ್‌ಸ್ಟುನಾದ ನಮ್ಮ ಮನೆಯ ಹತ್ತಿರದ ದಿನ್ನೆಯಲ್ಲಿ ನಾಲ್ಕು ಶನಿವಾರ ಮಗಳಿಂದ ಸ್ಕೀ ಹಾಕಿ ಇಳಿಯುವುದನ್ನು ಕಲಿತೆ.

ಈಗ ಮಗಳು ನನಗಿಂತ ಎತ್ತರ. "ಅಮ್ಮಾ, ಆ ಕಡೆ ಹೊಸ ಚೇರ್ ಲಿಫ್ಟ್ ಇದೆ. ಕೂತ್ಕೊಂಡೇ ಹೋಗ್ಬಹುದು, ಸೂಪರ್ ಈಸಿ" ಎಂದಳು.

"ಕೂತ್ಕೊಂಡು ಹೋಗೋಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದೆ.

"ಹಾಗಾದ್ರೆ ನನ್ ಜೊತೆ ಬಾರೇ, ಹಿಡ್ಕೊಂಡಿರ್ತೀನಿ" ಎಂದರು ನನ್ನವರು.

ಅವರ ಭುಜಕ್ಕೆ ಬರುವವಳು ನಾನು. ಅವರ ತೊಡೆಗೆ ತಾಗುವ ಕೋಲು ನನ್ನ ಸೊಂಟಕ್ಕೆ ಬಡಿಯುತ್ತದೆ.

"ಬೇಡಾರೀ. ನೀವು ಒಳಗೆ ಕೂತು ಚೀಲ ನೋಡ್ಕೊಳ್ಳಿ. ಚಿತ್ರಾನ್ನ ತಳದಲ್ಲಿದೆ, ಉಪ್ಪಿನಕಾಯಿ ಉಲ್ಲನ್ ಟೋಪಿ ಒಳಗಿದೆ."

"ನಾನು ಚೀಲ ಕಾಯೋದಾ?"

"ಮೂರು ವರ್ಷ ನಾನು ಕಾದಿಲ್ವಾ?"

ಲಿಫ್ಟ್ ನೋಡಿಕೊಳ್ಳುವ ಹೆಂಗಸು ಒಬ್ಬರೇನಾ ಎಂದು ಸ್ವೀಡಿಷಿನಲ್ಲಿ ಕೇಳಿದಳು. ಒಬ್ಬಳೇ ಎಂದೆ. ಕೋಲು ಬಂತು. ಹಿಂದಿನ ಲಂಗರಿಗೆ ಕಾಯುತ್ತಿದ್ದ ಮಗಳು "ಅಮ್ಮಾ, ಡೋಂಟ್ ಸಿಟ್!" ಎಂದು ಕೂಗಿದಳು. ಮೊದಲ ಎಳೆತಕ್ಕೆ ಹಳೆಯ ಅಭ್ಯಾಸದಂತೆ ಕೂರಲು ಹೋಗಿ ಸಾವರಿಸಿಕೊಂಡೆ. ಒಲೆ ಮುಂದೆ ದಿನಕ್ಕೆ ಮೂರು ಗಂಟೆ ನಿಲ್ಲುವ ಕಾಲು ಇವು, ಇಷ್ಟು ದೂರ ನಿಲ್ಲಲಾರವೇ ಎಂದುಕೊಂಡು ಮುಂದಿನ ಕಂಬ ನೋಡಿದೆ. ಅದು ದಾಟಿದ ಮೇಲೆ ಅದರ ಮುಂದಿನದು. ತುದಿಯ ಹನ್ನೊಂದನೆಯ ಕಂಬದ ಬಳಿ ಕೋಲು ಬಿಟ್ಟು ಪಕ್ಕಕ್ಕೆ ಸರಿದೆ. ನಿಂತೇ ಇದ್ದೆ.

ಇಳಿಯುವಾಗ "ಪಿಜ್ಜಾ, ಅಮ್ಮಾ, ಪಿಜ್ಜಾ!" ಎನ್ನುತ್ತ ಮಗಳು ಹಿಂದೆಯೇ ಬಂದಳು. ಸ್ಕೀ ಹಲಗೆಗಳ ಮೂತಿ ಕೂಡಿಸಿ, ಹಿಮ್ಮಡಿ ಅಗಲಿಸಿ, ಪಿಜ್ಜಾ ತುಂಡಿನ ಆಕಾರ ಮಾಡಿ ವೇಗ ತಗ್ಗಿಸುವುದಕ್ಕೆ ಇಲ್ಲಿನ ಮಕ್ಕಳು ಇಟ್ಟ ಹೆಸರು ಅದು. ಎರಡು ಸಲ ಬಿದ್ದೆ, ಎರಡು ಸಲವೂ ನಾನೇ ಎದ್ದೆ.

ಮರದ ಮನೆಯ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಹೋದರೆ ನನ್ನವರು ಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಹರವಿಕೊಂಡಿದ್ದರು.

"ಬಂದ್ಯಾ? ಉಪ್ಪಿನಕಾಯಿ ಎಲ್ಲಿಟ್ಟಿದ್ದೀಯೇ?"

"ನಾನು ಇಳಿದಿದ್ದು ನೋಡಿದ್ರಾ?"

"ಅಯ್ಯೋ, ಇಳಿದ್ಬಿಟ್ಯಾ?"

"ನಾನ್ ನೋಡ್ದೆ ಅಮ್ಮಾ, ಇಟ್ ವಾಸ್ ಗುಡ್" ಎಂದಳು ಮಗಳು.

"ನೀನು ನೋಡಿದ್ರೆ ಸಾಲ್ದು. ಕಥೆ ಹೇಳೋರು ಅವರು."

ಟೋಪಿಯೊಳಗಿಂದ ಉಪ್ಪಿನಕಾಯಿ ತೆಗೆದು ಮೇಜಿನ ಮೇಲಿಟ್ಟೆ. ಒದ್ದೆ ಕೈಗವಸು ಮತ್ತೆ ಹಾಕಿಕೊಂಡೆ.

"ರೀ, ಹೊರಗೆ ಬಂದು ನಿಂತ್ಕೊಳ್ಳಿ" ಎಂದು ಹೇಳಿ ಲಿಫ್ಟಿನ ಸಾಲಿಗೆ ನಡೆದೆ.